ಗೇಣುದ್ದದ ಪಟ್ಟಿ

3 ನವೆಂಬರ್ 1986

ಪ್ರೀತಿಯ ಮೇಸ್ತ್ರಿ ದೊಡ್ಡಪ್ಪನಿಗೆ,

ಚಿನಕುರುಳಿಯ ನಮಸ್ಕಾರ. ನನ್ನನ್ನು ಹಾಗೆ ಕರೆಯುತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬರಾದ ಅಪ್ಪ ಹೋಗಿ ಈ ತಿಂಗಳಿಗೆ ಒಂದು ವರ್ಷ. ಆ ಹೆಸರು ಮರೆತುಹೋಗದಿರಲಿ ಎಂದು ನಾನೇ ಬರೆದುಕೊಳ್ಳುತ್ತಿದ್ದೇನೆ.

ಅಪ್ಪನ ದವಾಖಾನೆಯ ಹಿಂದಿನ ಶೆಡ್ಡು ಖಾಲಿ ಮಾಡಿ ಎಂದು ಕಟ್ಟಡದವರು ಬೆನ್ನು ಬಿದ್ದಿದ್ದರು. ಕಳೆದ ವಾರ ಅಪ್ಪನ ಆ ಹಳೇ ಕಾರು ಗುಬ್ಬಿಯನ್ನು ನಮ್ಮ ಮನೆಗೆ ತಂದೆ. ಲಾರಿಯಲ್ಲಿ ಹೇರಿಸಿಕೊಂಡು ತಂದೆ, ಬೈಯಬೇಡಿ. ಈಗ ಮೆಟ್ಟಿಲ ಕೆಳಗಿನ ಜಾಗದಲ್ಲಿ ನಿಂತಿದೆ. ಅಷ್ಟು ಸಣ್ಣ ಬಂಡಿಯಾದರೂ ನಮ್ಮ ಸೈಕಲ್ಲು, ನೀರಿನ ಡ್ರಮ್ಮು ಎಲ್ಲವನ್ನೂ ಬೀದಿಗೆ ತಳ್ಳಿದೆ. ನಮ್ಮನೆಯವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮಾವನವರು ಹೋದ್ರೂ ನನ್ನ ಮೇಲೆ ಕಣ್ಣಿಡೋಕೆ ಇದನ್ನ ಬಿಟ್ಟು ಹೋಗಿದಾರೆ" ಎಂದರು. ಅವರು ಗ್ರಂಥಾಲಯದಲ್ಲಿ ಕೆಲಸ ಮಾಡುವವರು, ಆರು ಅಡಿ ಎರಡು ಅಂಗುಲ. ಗುಬ್ಬಿಯಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತದೆ.

ನಾನು ಮಾತ್ರ ಮೊದಲ ದಿನವೇ ಮುಂದಿನ ಗಾಜು ಮಡಚಿ, ಇಂಜಿನ್ ಚಾಲೂ ಮಾಡಿ, ಸುಮ್ಮನೆ ಕೂತೆ. ಆ ತೊಗಲಿನ ವಾಸನೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ನೆಲ, ಬಾನೆಟ್ಟಿನ ಮೇಲಿನ ಬೆಲ್ಟು. ಇಂಗ್ಲಿಷಿನವರು ಎರಡೇ ಜನರಿಗೆಂದು ಇಷ್ಟು ಚಿಕ್ಕದಾಗಿ, ಇಷ್ಟು ಹಟಮಾರಿಯಾಗಿ ಯಾಕೆ ಮಾಡಿದರೋ, ಆದರೆ ಕೂತವರು ಏಳಲು ಒಲ್ಲರು. ಸದ್ಯಕ್ಕೆ ತೊಂದರೆ ಏನೆಂದರೆ ಎರಡು ಕಾರ್ಬೊರೇಟರುಗಳಲ್ಲಿ ಒಂದರದ್ದು ಒಂದು ರಾಗ, ಇನ್ನೊಂದರದ್ದು ಬೇರೆ ರಾಗ.

ವಿಷಯಕ್ಕೆ ಬರುತ್ತೇನೆ. ಹಳೆಯ ಬಂಡಿಗಳ ಸಂಘದವರು ಫೆಬ್ರವರಿ 21ಕ್ಕೆ ಪ್ರದರ್ಶನ ಇಟ್ಟಿದ್ದಾರೆ. ನಮ್ಮಲ್ಲಿಂದ ಎರಡು ದಿನದ ದಾರಿ. ಬಂಡಿ ತನ್ನ ಚಕ್ರದ ಮೇಲೆಯೇ ಬರಬೇಕು, ಲಾರಿಯಲ್ಲಿ ತಂದರೆ ಒಳಗೆ ಬಿಡುವುದಿಲ್ಲ. ನೂರು ಅಂಕ. ಕಾರ್ಖಾನೆಯಿಂದ ಬಂದಹಾಗೆ ಇಲ್ಲದ ಪ್ರತಿಯೊಂದಕ್ಕೂ ಅಂಕ ಕಳೆಯುತ್ತಾರೆ. ತೊಂಬತ್ತು ದಾಟಿದರೆ "ಅಸಲಿ" ಎಂದು ಪತ್ರ ಕೊಡುತ್ತಾರೆ. ಅಪ್ಪ ಬದುಕಿದ್ದಷ್ಟು ಕಾಲ ಎಲ್ಲರಿಗೂ ಹೇಳಿಕೊಂಡು ಬಂದ ಮಾತದು, ನಿಮಗೇ ಗೊತ್ತು. ಕೊನೆಗೆ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ದೂ ಅದನ್ನೇ: "ಗುಬ್ಬೀನ ಯಾರಿಗೂ ತಿದ್ದೋಕೆ ಬಿಡಬೇಡ." ಆ ಪತ್ರ ಅಪ್ಪನ ಹೆಸರಿಗೆ ಬರಬೇಕು ಎಂಬುದೊಂದೇ ನನ್ನ ಆಸೆ.

ನಾನು ದಿನವಿಡೀ ಕಟ್ಟು ಹಲ್ಲು ಮಾಡುವವಳು. ನಕಲಿಯನ್ನು ಅಸಲಿ ಅನ್ನಿಸುವುದೇ ನನ್ನ ಹೊಟ್ಟೆಪಾಡು. ಒಂದಾದರೂ ನಿಜವಾದ್ದು ಮನೆಯಲ್ಲಿರಲಿ. ನಿಮ್ಮ ಕೈ ಹೇಗಿದೆ? ನಡುಕ ಕಡಿಮೆಯಾಗಿದೆಯೇ?

ನಿಮ್ಮ
ಚಿನಕುರುಳಿ


12 ನವೆಂಬರ್ 1986

ಚಿನಕುರುಳಿಗೆ ಆಶೀರ್ವಾದ.

ಅಕ್ಷರ ನೋಡಿದರೆ ನನ್ನ ಕೈ ಹೇಗಿದೆ ಎಂದು ನಿನಗೇ ತಿಳಿಯುತ್ತದೆ. ಬರೆಯಲು ಕೂತರೆ ನಡುಗುತ್ತದೆ, ಸ್ಪ್ಯಾನರ್ ಹಿಡಿದರೆ ನಿಲ್ಲುತ್ತದೆ. ಮಗಳು ಸ್ಪ್ಯಾನರ್ ಹಿಡಿಯಲು ಬಿಡುವುದಿಲ್ಲ. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಮ್ಮ ಸಂಸಾರ. ಅವಳು ಬಸ್ಸಿನ ಟಿಕೆಟ್ ಕೌಂಟರಿಗೆ ಹೋದರೆ ನಾನು ಕಿಟಕಿಯಲ್ಲಿ ಕೂತು ಹೋಗಿ ಬರುವ ಬಂಡಿಗಳ ಕೆಮ್ಮು ಕೇಳುತ್ತೇನೆ. ಬೀದಿಯ ಕೊನೆಯ ಗ್ಯಾರೇಜಿನವನು ವಾರಕ್ಕೊಮ್ಮೆ ಬಂದು ಕರೆದುಕೊಂಡು ಹೋಗಿ ಗಿರಾಕಿಗಳಿಗೆ ನನ್ನನ್ನು ತೋರಿಸುತ್ತಾನೆ. "ಇವ್ರೇ ಅಸಲಿ ಮೇಸ್ತ್ರಿ" ಅನ್ನುತ್ತಾನೆ. ಇಲ್ಲಿಯೂ ಆ ಹೆಸರು ಬಂದುಬಿಟ್ಟಿದೆ.

ಕಾರ್ಬೊರೇಟರಿಗೆ ಹೀಗೆ ಮಾಡು. ಒಂದು ಮೊಳ ರಬ್ಬರ್ ಕೊಳವೆ ತೆಗೆದುಕೊ. ಇಂಜಿನ್ ಓಡುತ್ತಿರಲಿ. ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮೊದಲನೆಯ ಬಾಯಿಗೆ. ಉಸ್ ಎನ್ನುವುದನ್ನು ಕೇಳು. ಆಮೇಲೆ ಎರಡನೆಯದನ್ನು ಕೇಳು. ಎರಡೂ ಒಂದೇ ಉಸಿರು ಬಿಡುವವರೆಗೂ ಸ್ಕ್ರೂ ತಿರುಗಿಸು, ಒಂದು ಸಲಕ್ಕೆ ಕೂದಲೆಳೆಯಷ್ಟು. ನಿಮ್ಮಪ್ಪ ಸ್ಟೆತೊಸ್ಕೋಪಿನಲ್ಲಿ ಕೇಳಲು ಹೋಗಿ ಅದನ್ನು ಸುಟ್ಟುಕೊಂಡಿದ್ದರು. ಚಕ್ರ ಬಿಗಿಯುವ ನಡುವಿನ ಬಿರಡೆಗೆ ತಾಮ್ರದ ಸುತ್ತಿಗೆಯಲ್ಲದೆ ಬೇರೆ ಮುಟ್ಟಿಸಬೇಡ. ಕೆಳಗೆ ಎಣ್ಣೆ ಸೋರುತ್ತದೆ, ತಟ್ಟೆ ಇಡು. ಅದು ರೋಗವಲ್ಲ, ಸ್ವಭಾವ.

ನಾನು ಕೆಲಸ ಬಿಟ್ಟಾಗ ನಿಮ್ಮಪ್ಪನಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೆ, ಇದ್ದರೆ ಹುಡುಕು. ಯಾವ ಸ್ಕ್ರೂ ಎಲ್ಲಿಯದು, ಯಾವ ಬಣ್ಣ ಯಾವ ಡಬ್ಬಿಯದು, ಎಲ್ಲ ಬರೆದಿದ್ದೇನೆ. ಮೊದಲ ಪುಟದಲ್ಲಿರುವ ಮಾತೊಂದೇ ಸಾಕು: ಕಾರ್ಖಾನೆಯಿಂದ ಬಾರದ್ದು ಬಂಡಿಯಲ್ಲಿ ಇರಕೂಡದು. ಹೊಸ ಭಾಗ ಹಾಕಿ ಹೊಳೆಯಿಸುವುದು ಯಾರಿಗಾದರೂ ಬರುತ್ತದೆ. ಹಳೆಯದನ್ನು ಹಳೆಯದಾಗಿಯೇ ಉಳಿಸುವುದಕ್ಕೆ ಗಂಡೆದೆ ಬೇಕು. ಹೆಣ್ಣೆದೆಯೂ ಆದೀತು, ನೀನು ಸಿಟ್ಟಾಗಬೇಡ.

ನಮ್ಮಾಕೆ ಇದ್ದಿದ್ದರೆ ಪ್ರದರ್ಶನದ ವಿಷಯ ಕೇಳಿ ಮುಖ ತಿರುಗಿಸುತ್ತಿದ್ದಳು. ಗುಬ್ಬಿಯೆಂದರೆ ಅವಳಿಗೆ ಅಷ್ಟಕ್ಕಷ್ಟೇ. ಅದು ಬಿಡು. ನೂರಕ್ಕೆ ನೂರು ತೆಗೆದುಕೊಂಡು ಬಾ.

ನಿನ್ನ
ಮೇಸ್ತ್ರಿ ದೊಡ್ಡಪ್ಪ


20 ಡಿಸೆಂಬರ್ 1986

ಪ್ರೀತಿಯ ದೊಡ್ಡಪ್ಪ,

ಎರಡೂ ಒಂದೇ ಉಸಿರು ಬಿಡುತ್ತಿವೆ. ಮೂರು ಭಾನುವಾರ ಹಿಡಿಯಿತು. ಕಿವಿಯಲ್ಲಿ ಕೊಳವೆ ಇಟ್ಟುಕೊಂಡು ಬಗ್ಗಿ ನಿಂತವಳನ್ನು ನೋಡಿ ಪಕ್ಕದ ಮನೆಯವರು, "ಗಾಡಿಗೇನು ಜ್ವರವಾ?" ಎಂದು ಕೇಳಿದರು.

ನೋಟ್‌ಬುಕ್ ಸಿಕ್ಕಿತು. ಅದನ್ನು ಹಲ್ಲಿನ ಅಚ್ಚುಗಳ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪುಟ ಮುಗಿಸುತ್ತಿದ್ದೇನೆ. ಅಪ್ಪ ಕಡೆಗಾಲದಲ್ಲಿ ಹಾಕಿಸಿದ್ದ ಪ್ಲಾಸ್ಟಿಕ್ ಕನ್ನಡಿ ತೆಗೆದು ಹಳೆಯದನ್ನು ಕೂರಿಸಿದೆ. ನಮ್ಮನೆಯವರು ಸೀಟಿಗೆ ಬೆಲ್ಟ್ ಹಾಕಿಸೋಣವೇ ಎಂದರು. ಆ ಕಾಲದಲ್ಲಿ ಬೆಲ್ಟು ಇರಲಿಲ್ಲ, ಅಂಕ ಹೋಗುತ್ತದೆ ಎಂದೆ. "ಸರಿ ಬಿಡು, ನನ್ನ ಮೊಣಕಾಲೇ ಹಿಡ್ಕೊಂಡಿರುತ್ತೆ" ಎಂದರು. ಪುಸ್ತಕಗಳ ನಡುವೆ ಇರುವವರಿಗೆ ತಾಳ್ಮೆ ಜಾಸ್ತಿ. ಬೈಗುಳ ತಿನ್ನುತ್ತಲೇ ಸೈಕಲ್ಲಿನಂಥ ಕಡ್ಡಿ ಚಕ್ರ ಒರೆಸುತ್ತಾರೆ, ಪ್ರತಿ ಕಡ್ಡಿಯನ್ನೂ ಬೇರೆ ಬೇರೆಯಾಗಿ.

ಈಗ ಒಂದು ತಲೆನೋವು. ಮೊನ್ನೆ ಸಂಘದ ಪರಿಶೀಲಕರು ಮುಂಚಿತವಾಗಿ ನೋಡಲು ಬಂದಿದ್ದರು. ಟಾರ್ಚು, ಕೋಲಿನ ತುದಿಯ ಕನ್ನಡಿ ಹಿಡಿದು ಕೆಳಗೆಲ್ಲ ನೋಡಿದರು. ಮುಂದಿನ ಎಡಗಡೆಯ ಚಕ್ರದ ಹಿಂದೆ, ಬಂಡಿಯ ಭಾರ ಹೊರುವ ಚಾಸಿಯ ಉದ್ದ ಕಂಬಿಯ ಒಳಮೈಗೆ ಗೇಣುದ್ದದ ಒಂದು ಕಬ್ಬಿಣದ ಪಟ್ಟಿ ವೆಲ್ಡ್ ಆಗಿದೆ. ಬಲಗಡೆ ಇಲ್ಲ. ಎಷ್ಟೋ ವರ್ಷದ ಎಣ್ಣೆ ಕೊಳೆ ಮೆತ್ತಿಕೊಂಡು ಇಷ್ಟು ದಿನ ನನಗೂ ಕಂಡಿರಲಿಲ್ಲ. ಅದೊಂದಕ್ಕೇ ಹದಿನೈದು ಅಂಕ ಹೋಗುತ್ತದಂತೆ. ಅಂದರೆ ಪತ್ರ ಇಲ್ಲ.

"ಇದು ನಮ್ಮ ಮೇಸ್ತ್ರಿ ಕೈಯಲ್ಲೇ ಇದ್ದ ಬಂಡಿ" ಎಂದೆ. ಅವರಿಗೂ ನಿಮ್ಮ ಹೆಸರು ಗೊತ್ತು. "ಅವರ ಕೆಲಸ ನಾನು ನೋಡಿದೀನಿ, ಇಷ್ಟು ಒರಟು ವೆಲ್ಡಿಂಗು ಅವರದ್ದಲ್ಲ" ಎಂದರು. ನನಗೆ ಸಮಾಧಾನವಾಯಿತು. ಹಾಗಾದರೆ ಯಾರದ್ದು? ಅಪ್ಪ ತೆಗೆದುಕೊಳ್ಳುವ ಮುಂಚೆ ಎರಡು ವರ್ಷ ಬೇರೆಯವರ ಹತ್ತಿರ ಇತ್ತಲ್ಲ, ಅವರು ಹಾಕಿಸಿರಬಹುದೇ? ನಿಮಗೆ ನೆನಪಿದೆಯೇ? ತೆಗೆಸಬಹುದೇ? ಬೇಗ ಬರೆಯಿರಿ.

ನಿಮ್ಮ
ಚಿನಕುರುಳಿ


9 ಜನವರಿ 1987

ಚಿನಕುರುಳಿಗೆ,

ತಡವಾಯಿತು. ಸ್ವಲ್ಪ ಜ್ವರ ಇತ್ತು. ಆಮೇಲೆ ಮಗಳ ಮನೆಗೆ ಸುಣ್ಣ ಬಳಿಯುವವರು ಬಂದಿದ್ದರು, ಕಾಗದ ಪೆನ್ನು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಪಟ್ಟಿಯ ವಿಷಯ. ಹಿಂದಿನವರು ಹಾಕಿಸಿರಬಹುದು. ನನಗೆ ಸರಿಯಾಗಿ ನೆನಪಿಲ್ಲ. ಅದರ ತಂಟೆಗೆ ಹೋಗಬೇಡ. ಇಷ್ಟು ವರ್ಷ ಇದ್ದದ್ದು ಇರಲಿ. ಹದಿನೈದು ಅಂಕ ಹೋದರೆ ಹೋಗಲಿ, ಅಂಕ ಕೊಡುವವರೇನು ದೊಡ್ಡ ಮನುಷ್ಯರೇ. ಕೋಲಿಗೆ ಕನ್ನಡಿ ಕಟ್ಟಿಕೊಂಡು ಬರುವವರೆಲ್ಲ ಮೇಸ್ತ್ರಿಗಳಾಗಿದ್ದರೆ ನಾವು ನಲವತ್ತು ವರ್ಷ ಬೆನ್ನ ಮೇಲೆ ಮಲಗಿದ್ದು ಯಾಕೆ? ವೆಲ್ಡಿಂಗ್ ಒರಟೋ ನಯವೋ ಎಂದು ಹೇಳಲು ಮಾಡಿದವನ ಪಾಡು ಗೊತ್ತಿರಬೇಕು.

ಇನ್ನೊಂದು ಮಾತು. ಎರಡು ದಿನದ ದಾರಿ ಎನ್ನುತ್ತೀಯ. ಅಷ್ಟು ದೂರ ಗುಬ್ಬಿಯನ್ನು ಓಡಿಸಲೇಬೇಕೇ? ಮನೆಯ ಸುತ್ತ ಓಡಿಸಿಕೊಂಡಿರು, ಸಾಕು. ಪ್ರದರ್ಶನ ಮುಂದಿನ ವರ್ಷವೂ ಇರುತ್ತದೆ. ನಿನ್ನ ಗಂಡನಿಗೂ ಮೊಣಕಾಲಿಗೆ ಕಷ್ಟ.

ಮಗಳು ಊಟಕ್ಕೆ ಕರೆಯುತ್ತಿದ್ದಾಳೆ.

ಮೇಸ್ತ್ರಿ ದೊಡ್ಡಪ್ಪ


8 ಫೆಬ್ರವರಿ 1987

ಪ್ರೀತಿಯ ದೊಡ್ಡಪ್ಪ,

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ಅಂಕ ಹೋದರೆ ಹೋಗಲಿ ಎಂದು ಬರೆಯುವವರು ನೀವಲ್ಲ. ನಿಮಗೆ ವಯಸ್ಸಾಯಿತು ಎಂದು ನನಗೆ ಅನ್ನಿಸಿದ್ದು ಅದೇ ಮೊದಲು. ನಾನು ಸೋತು ಅಳುತ್ತೇನೆ ಎಂದು ಮೊದಲೇ ಸಮಾಧಾನ ಹೇಳುತ್ತಿದ್ದೀರಿ, ಅಲ್ಲವೇ? ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದಾಗಲೂ ಹೀಗೇ, "ಸೈಕಲ್ಲೇ ಸರಿ ಇಲ್ಲ ಬಿಡು" ಎನ್ನುತ್ತಿದ್ದಿರಿ.

ಆದ್ದರಿಂದ ನಿಮ್ಮ ಮಾತು ಮೀರಿ ನಿಮ್ಮ ನೋಟ್‌ಬುಕ್ಕಿನ ಮಾತು ಕೇಳಿದೆ. ಕಾರ್ಖಾನೆಯಿಂದ ಬಾರದ್ದು ಬಂಡಿಯಲ್ಲಿ ಇರಕೂಡದು. ಪಟ್ಟಿ ತೆಗೆಸಿದೆ.

ನಮ್ಮ ಬೀದಿಯಲ್ಲಿ ಗೇಟು, ಕಿಟಕಿ ಮಾಡುವ ವೆಲ್ಡರ್ ಒಬ್ಬರಿದ್ದಾರೆ, ಮಿತಭಾಷಿ. ಅವರು ಅಡ್ಡ ಮಲಗಿ ಪಟ್ಟಿ ಕತ್ತರಿಸಿ, ಉಳಿದ ಗಂಟುಗಳನ್ನು ಗ್ರೈಂಡರಿನಲ್ಲಿ ಸಮ ಮಾಡಿಕೊಟ್ಟರು. ನಾನೇ ಕಪ್ಪು ಬಣ್ಣ ಹಚ್ಚಿದೆ, ನೀವು ಬರೆದ ಡಬ್ಬಿಯದ್ದೇ. ಈಗ ಎಡಕ್ಕೂ ಬಲಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪರಿಶೀಲಕರು ಮತ್ತೆ ಬಂದು ನೋಡಿ ಬೆನ್ನು ತಟ್ಟಿದರು.

ಆ ವೆಲ್ಡರ್ ಜೊತೆ ಮಾತ್ರ ಸ್ವಲ್ಪ ಜಟಾಪಟಿಯಾಯಿತು. ಪಟ್ಟಿಯ ಕೆಳಗೆ ಕಬ್ಬಿಣದಲ್ಲಿ ಒಂದು ಸಣ್ಣ ಗೆರೆ ಇತ್ತು. "ಇದು ಬಿರುಕು ಅಮ್ಮಾ, ಬೇರೆ ಪಟ್ಟಿ ಹಾಕ್ಲೇಬೇಕು, ಹೀಗೇ ಬಿಟ್ರೆ ನಂಗೆ ಧೈರ್ಯ ಇಲ್ಲ" ಎಂದು ಹಟ ಹಿಡಿದರು. ನನಗೆ ರೇಗಿತು. "ಬಿರುಕಾಗಿದ್ರೆ ನಮ್ಮ ಮೇಸ್ತ್ರಿಗೆ ಗೊತ್ತಿರ್ತಿರ್ಲಿಲ್ವಾ? ಮೂವತ್ತು ವರ್ಷ ಅವರ ಕೈಯಲ್ಲಿದ್ದ ಬಂಡಿ" ಎಂದು ಎಲ್ಲರ ಎದುರಿಗೇ ಗದರಿಸಿದೆ. ಅವರು ಸಾಮಾನು ಕಟ್ಟಿಕೊಂಡು ಹೋದರು. ಪಾಪ, ಗೇಟು ಮಾಡುವವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು. ಹಿಂದಿನವರು ಪಟ್ಟಿ ಕೂರಿಸುವಾಗ ಉಳಿ ತಾಗಿ ಬಿದ್ದ ಗೀರಿರಬೇಕು.

ಹದಿನೆಂಟಕ್ಕೆ ಬೆಳಿಗ್ಗೆ ಹೊರಡುತ್ತೇವೆ. ನಾನೇ ಓಡಿಸುವುದು. ನಮ್ಮನೆಯವರು ಪಕ್ಕದಲ್ಲಿ ಕೂತು ನಕ್ಷೆ ನೋಡುತ್ತಾರಂತೆ. ದಾರಿಯಲ್ಲಿ ಒಂದು ಉದ್ದದ ಘಾಟಿ ಇದೆ. ಗುಬ್ಬಿಯ ದನಿ ಬೆಟ್ಟಕ್ಕೆ ಬಡಿದು ಹೇಗೆ ಕೇಳುತ್ತದೋ ಎಂದು ನನಗೆ ಈಗಿನಿಂದಲೇ ನಿದ್ದೆ ಇಲ್ಲ.

"ಅಸಲಿ" ಪತ್ರ ಬಂದರೆ ಅದರ ನಕಲು ನಿಮಗೆ ಕಳಿಸುತ್ತೇನೆ. ಕಿಟಕಿಯ ಪಕ್ಕ ತೂಗುಹಾಕಿಕೊಳ್ಳಿ.

ನಿಮ್ಮ
ಚಿನಕುರುಳಿ


11 ಫೆಬ್ರವರಿ 1987

ಮಗಳೇ,

ಗುಬ್ಬಿಯನ್ನು ಹೊರಗೆ ತೆಗೆಯಬೇಡ. ಉಳಿದದ್ದು ಆಮೇಲೆ ಓದು. ಮೊದಲು ಅದರ ಬೀಗದ ಕೈ ತೆಗೆದು ನಿನಗೂ ಸಿಗದ ಹಾಗೆ ಇಡಲು ಗಂಡನಿಗೆ ಹೇಳು. ನಿಮ್ಮ ವೆಲ್ಡರ್ ಹೇಳಿದ್ದು ನಿಜ. ಅದು ಬಿರುಕೇ. ಆ ಪಟ್ಟಿ ಹಾಕಿದವನು ನಾನೇ.

ನಿನ್ನ ಪತ್ರ ನಿನ್ನೆ ಬಂತು. ಇದನ್ನು ಬರೆಯಲು ಮೂರು ಹಾಳೆ ಹರಿದಿದ್ದೇನೆ, ಇದು ನಾಲ್ಕನೆಯದು.

1959ರ ಏಪ್ರಿಲ್. ನಿಮ್ಮಪ್ಪ ನಿಮ್ಮನ್ನೆಲ್ಲ ಕರೆದುಕೊಂಡು ಹದಿನೈದು ದಿನ ಸಮುದ್ರದ ಕಡೆ ಹೋಗಿದ್ದರು. ಬ್ರೇಕಿನ ಕೆಲಸವಿದೆ ಎಂದು ಗುಬ್ಬಿಯನ್ನು ನನ್ನ ಶೆಡ್ಡಿನಲ್ಲಿ ಬಿಟ್ಟಿದ್ದರು. ನಮ್ಮಾಕೆ ಎಷ್ಟೋ ದಿನದಿಂದ ಕೇಳುತ್ತಿದ್ದಳು, "ನಿಮ್ಮ ಎಣ್ಣೆ ಬಟ್ಟೆ ಒಗೆಯೋದಷ್ಟೇನಾ ನನ್ನ ಹಣೇಲಿ ಬರೆದಿರೋದು, ಒಂದು ಸಲ ಅದ್ರಲ್ಲಿ ಕೂರ್ಸಿ" ಎಂದು. ಭಾನುವಾರ ಕೂರಿಸಿಕೊಂಡು ಹೋದೆ. ಗಾಜು ಮಡಚಿದ್ದೆ. ಗಾಳಿಗೆ ಕೂದಲು ಬಿಚ್ಚಿಹೋಗಿ ಅವಳು ಒಂದೇ ಸಮನೆ ನಗುತ್ತಿದ್ದಳು. ಮದುವೆಯಾಗಿ ಹದಿನೈದು ವರ್ಷದಲ್ಲಿ ಅವಳು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ. ಇನ್ನೂ ನಗಲಿ ಎಂದು ಇನ್ನಷ್ಟು ಜೋರಾಗಿ ಓಡಿಸಿದೆ. ಮೋರಿಯ ಕಲ್ಲಿಗೆ ಎಡಗಡೆ ಹೊಡೆಯಿತು, ಅವಳು ಕೂತ ಕಡೆ.

ಅವಳ ಸೊಂಟದ ಮೂಳೆ ಮುರಿಯಿತು. ಮೆಟ್ಟಿಲಿನಿಂದ ಬಿದ್ದಳು ಎಂದು ಹೇಳಿ ಬೇರೆ ಆಸ್ಪತ್ರೆಗೆ ಸೇರಿಸಿದೆ. "ಡಾಕ್ಟ್ರು ಬಂದ್ಮೇಲೆ ಹೇಳ್ಬಿಡೋಣ, ಬೈದ್ರೆ ಬೈಸ್ಕೊಳೋಣ" ಎಂದು ಮಂಚದ ಮೇಲೆ ಮಲಗಿಕೊಂಡೇ ಹೇಳಿದಳು. ನಾನು ಬೇಡ ಎಂದೆ. ಆಕೆ ಮತ್ತೆ ಆ ಮಾತೆತ್ತಲಿಲ್ಲ. ಸಾಯುವವರೆಗೂ ಕುಂಟಿದಳು. ನಿಮ್ಮಪ್ಪ ಕಂಡಾಗಲೆಲ್ಲ "ಕಾಲು ಹೇಗಿದೆ?" ಎಂದು ಕೇಳುತ್ತಿದ್ದರು. ಅವಳು ಆ ಮೆಟ್ಟಿಲನ್ನು ಬೈಯುತ್ತಿದ್ದಳು.

ಕಂಬಿ ಎರಡು ಬೆರಳು ಆಳಕ್ಕೆ ಸೀಳಿತ್ತು. ಬೇರೆ ಚಾಸಿ ಬೇಕೆಂದರೆ ಹಡಗಿನಲ್ಲಿ ಬರಬೇಕು, ಆರು ತಿಂಗಳು. ನನಗಿದ್ದದ್ದು ಹತ್ತು ದಿನ. ಬಲಗೈಗೆ ಬ್ಯಾಂಡೇಜು ಕಟ್ಟಿಕೊಂಡೇ ನೆಟ್ಟಗೆ ಮಾಡಿ, ಪಟ್ಟಿ ಕೂರಿಸಿ, ಹೊಸದೆಂದು ಕಾಣದಿರಲಿ ಎಂದು ಹಳೇ ಎಣ್ಣೆಗೆ ಧೂಳು ಕಲೆಸಿ ಬಳಿದೆ. ನಿಮ್ಮಪ್ಪ ಬಂದು ಒಂದು ಸುತ್ತು ಓಡಿಸಿ, "ಮೊದಲಿಗಿಂತ ಚೆನ್ನಾಗಿದೆಯಲ್ಲಯ್ಯ" ಎಂದರು. ಆಮೇಲೆ ಎಲ್ಲರಿಗೂ ಹೇಳಲು ಶುರು ಮಾಡಿದರು, ಗುಬ್ಬಿಗೆ ಒಂದು ಗೀರೂ ಬಿದ್ದಿಲ್ಲ, ನಮ್ಮ ಮೇಸ್ತ್ರಿ ಅಸಲಿ ಮೇಸ್ತ್ರಿ ಎಂದು. ಅದನ್ನು ಕೇಳಿ ಎಲ್ಲೆಲ್ಲಿಂದಲೋ ಬಂಡಿಗಳು ಬಂದವು. ಮನೆ ನಡೆದದ್ದು, ಮಗಳ ಮದುವೆಯಾದದ್ದು ಎಲ್ಲ ಆ ಹೆಸರಿನಿಂದ. ಕೇಳಿ ಕೇಳಿ ನನಗೂ ಅದೇ ನಿಜ ಅನ್ನಿಸತೊಡಗಿತ್ತು. ಜನವರಿಯಲ್ಲಿ ನಿನಗೆ ಬರೆಯುವಾಗ ನನ್ನನ್ನು ಚುಚ್ಚಿದ್ದು ಏನು ಗೊತ್ತೇ? ವೆಲ್ಡಿಂಗ್ ಒರಟು ಎಂದದ್ದು. ಅಷ್ಟು ಕೆಟ್ಟವನು ನಾನು.

ಪಟ್ಟಿ ಇದ್ದಿದ್ದರೆ ಇನ್ನೂ ಇಪ್ಪತ್ತು ವರ್ಷ ನಿಲ್ಲುತ್ತಿತ್ತು. ಅದನ್ನು ತೆಗೆದು ಗ್ರೈಂಡರ್ ಬೇರೆ ಹೊಡೆದಿದ್ದಾರೆ. ಅಲ್ಲಿ ಉಳಿದಿರುವುದು ಎಷ್ಟೆಂದು ಯೋಚಿಸಲು ನನಗೆ ಭಯವಾಗುತ್ತದೆ. ಬೀದಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಗೊತ್ತಾಗುತ್ತದೆ. ನಿಮ್ಮ ವೆಲ್ಡರನ್ನು ಕರೆದು ನನ್ನ ಪರವಾಗಿ ಕ್ಷಮೆ ಕೇಳು. ಅವರು ಹೇಳಿದಂತೆ ಮಾಡು.

ಮೇಸ್ತ್ರಿ


2 ಏಪ್ರಿಲ್ 1987

ಮೇಸ್ತ್ರಿಗಳಿಗೆ,

ಭುಜದ ಮೂಳೆಗೆ ಕಟ್ಟು ಹಾಕಿದ್ದರು, ಮೊನ್ನೆ ಬಿಚ್ಚಿದರು. ಅದಕ್ಕೇ ಇಷ್ಟು ದಿನ ಬರೆಯಲಾಗಲಿಲ್ಲ.

ನಮ್ಮನೆಯವರು ಇಲ್ಲ.

ಹದಿನೆಂಟಕ್ಕೆ ಹೊರಡಬೇಕಿತ್ತು. ಗ್ರಂಥಾಲಯದಲ್ಲಿ ರಜೆ ಮೊದಲೇ ಸಿಕ್ಕಿತು, ದಾರಿಯಲ್ಲಿ ಅವರ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ಹೋಗೋಣ ಎಂದರು. ಹದಿನೈದರ ಬೆಳಿಗ್ಗೆಯೇ ಹೊರಟೆವು. ಮಧ್ಯಾಹ್ನ ಮೂರರ ಸುಮಾರಿಗೆ ಘಾಟಿ ಇಳಿಯುತ್ತಿದ್ದೆವು. ವೇಗ ಇರಲಿಲ್ಲ, ನಲವತ್ತೂ ಇರಲಿಲ್ಲ. ಹನ್ನೊಂದು ವರ್ಷದ ನಂತರ ಪುಸ್ತಕ ವಾಪಸು ತಂದ ಯಾರೋ ಮುದುಕನ ಕಥೆ ಹೇಳುತ್ತಿದ್ದರು. ತಿರುವಿನಲ್ಲಿ ಬ್ರೇಕ್ ಒತ್ತಿದೆ. ಕೆಳಗೆ ಏನೋ ಲಟಕ್ಕೆಂದಿತು, ಎಡಗಡೆಯ ಚಕ್ರ ಮಡಚಿಕೊಂಡಿತು. ಸ್ಟೀರಿಂಗ್ ನನ್ನ ಕೈಯಲ್ಲೇ ಇತ್ತು, ಬಂಡಿ ಮಾತ್ರ ನನ್ನ ಮಾತು ಕೇಳಲಿಲ್ಲ. ಕಟ್ಟೆಗೆ ಹೊಡೆದದ್ದು ಅವರಿದ್ದ ಕಡೆ. ಆಸ್ಪತ್ರೆಗೆ ಹೋಗುವವರೆಗೂ ಉಸಿರಿತ್ತು ಎಂದು ನಮ್ಮನ್ನು ಎತ್ತಿ ಕರೆದೊಯ್ದವರು ಹೇಳುತ್ತಾರೆ. ನನಗೆ ಪ್ರಜ್ಞೆ ಇರಲಿಲ್ಲ.

ಪೊಲೀಸರು ವೆಲ್ಡರನ್ನು ಕರೆಸಿದ್ದರು. ಅವರು ನಡೆದದ್ದನ್ನು ನಡೆದ ಹಾಗೆ ಹೇಳಿದರು. ನಾನು ಗದರಿಸಿದ್ದನ್ನೂ ಹೇಳಿದರು, ಹೇಳಲೇಬೇಕಿತ್ತು. ಈಗ ಬೀದಿಗೆಲ್ಲ ಗೊತ್ತು. ನಮ್ಮನೆಯವರ ತಾಯಿಗೂ ಗೊತ್ತು. ಅವರು ನನ್ನನ್ನು ಒಂದು ಮಾತೂ ಬೈದಿಲ್ಲ. ಮಗನ ಕೋಣೆಯಲ್ಲಿ ಕೂತಿರುತ್ತಾರೆ, ನಾನು ಒಳಗೆ ಹೋದರೆ ಎದ್ದು ಹೊರಗೆ ಬರುತ್ತಾರೆ. ಸಂಘದವರು ಸಂತಾಪ ಸೂಚಿಸಿ ಬರೆದಿದ್ದಾರೆ. ಅದೇ ಲಕೋಟೆಯಲ್ಲಿ ಒಬ್ಬ ಸದಸ್ಯರ ಚೀಟಿಯೂ ಇತ್ತು, ಡ್ಯಾಶ್‌ಬೋರ್ಡಿನ ಮೀಟರುಗಳು ಹಾಳಾಗದೆ ಉಳಿದಿದ್ದರೆ ಮಾರುತ್ತೀರಾ, ಅಸಲಿ ಸಿಗುವುದು ಕಷ್ಟ ಎಂದು.

ನಿಮ್ಮ ಪತ್ರ ಹದಿನಾರಕ್ಕೆ ಬಂದಿತ್ತಂತೆ. ಪಕ್ಕದ ಮನೆಯವರು ತೆಗೆದಿಟ್ಟಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಓದಿದೆ. ದೊಡ್ಡಮ್ಮನ ಕಾಲನ್ನು ನೆನೆದು ಅಳು ಬಂತು. ನಿಮ್ಮ ಮೇಲೆ ಸಿಟ್ಟೂ ಬಂತು. ಆದರೆ ಒಂದು ಸಮಾಧಾನವಿತ್ತು. ನನ್ನ ಪತ್ರ ಕೈಗೆ ಬಂದ ಮರುದಿನವೇ, ಇಪ್ಪತ್ತೆಂಟು ವರ್ಷದ ಮಾನವನ್ನು ಬದಿಗಿಟ್ಟು ಬರೆದಿದ್ದೀರಿ. ನಾವೇ ಮೂರು ದಿನ ಮುಂಚೆ ಹೊರಟೆವು, ಯಾರು ಏನು ಮಾಡಲಾಗುತ್ತಿತ್ತು, ಹಣೆಬರಹ ಎಂದುಕೊಂಡೆ. ಆ ಒಂದು ಯೋಚನೆ ಹಿಡಿದುಕೊಂಡೇ ಇಷ್ಟು ದಿನ ನಿದ್ದೆ ಮಾಡಿದೆ.

ನಿನ್ನೆ ಲಕೋಟೆ ಕೈಗೆ ಸಿಕ್ಕಿತು. ಪತ್ರದಲ್ಲಿ ನೀವು ಹಾಕಿದ ದಿನಾಂಕ ಹನ್ನೊಂದು. ನಿಮ್ಮ ಊರಿನ ಅಂಚೆಯ ಮುದ್ರೆ ಹದಿನಾಲ್ಕು. ನಿಮಗೂ ನನಗೂ ನಡುವೆ ಪತ್ರ ಎರಡು ದಿನಕ್ಕೆ ಬರುತ್ತದೆ. ಹನ್ನೊಂದಕ್ಕೆ ಡಬ್ಬಿಗೆ ಬಿದ್ದಿದ್ದರೆ ಹದಿಮೂರಕ್ಕೆ ನನ್ನ ಕೈಯಲ್ಲಿರುತ್ತಿತ್ತು. ಹದಿಮೂರಕ್ಕೆ ನಾವು ಮನೆಯಲ್ಲೇ ಇದ್ದೆವು. ಹದಿನಾಲ್ಕಕ್ಕೂ ಇದ್ದೆವು. ಅವತ್ತು ಸಂಜೆಯವರೆಗೆ ಅವರು ಮೆಟ್ಟಿಲ ಮೇಲೆ ಕೂತು ಚಕ್ರದ ಕಡ್ಡಿ ಒರೆಸುತ್ತಿದ್ದರು.

ಆ ಮೂರು ದಿನ ಪತ್ರ ಎಲ್ಲಿತ್ತು?

ಅಂಚೆಯವರು ತಡ ಮಾಡಿದ್ದರೆ ಹಾಗೆಂದು ಬರೆಯಿರಿ. ನಾನು ನಂಬುತ್ತೇನೆ.


4 ಏಪ್ರಿಲ್ 1987

ಮಗಳೇ,

ನಿನ್ನ ಪತ್ರ ಇವತ್ತು ಹನ್ನೊಂದು ಗಂಟೆಗೆ ಬಂತು.

ಅಂಚೆಯವರದ್ದೇನೂ ತಪ್ಪಿಲ್ಲ. ಪತ್ರ ನನ್ನ ಅಂಗಿಯ ಜೇಬಿನಲ್ಲಿತ್ತು.

ಹನ್ನೊಂದಕ್ಕೆ ಬರೆದು, ಲಕೋಟೆ ಅಂಟಿಸಿ, ಕೆಳಗಿಳಿದು ಹೋದೆ. ಡಬ್ಬಿ ಬೀದಿಯ ಆಚೆ ಬದಿಗೇ ಇದೆ. ಅಲ್ಲಿ ಗ್ಯಾರೇಜಿನವನು ಯಾರನ್ನೋ ಕರೆದುಕೊಂಡು ಬಂದು, "ಇವ್ರೇ ನೋಡಿ ಅಸಲಿ ಮೇಸ್ತ್ರಿ" ಎಂದ. ಬಂದವನು ಕೈ ಮುಗಿದ. ಮಾತಾಡುತ್ತ ನಿಂತು, ಹಾಗೇ ವಾಪಸು ಬಂದೆ. ಹನ್ನೆರಡಕ್ಕೆ, ನಮ್ಮಾಕೆಯ ವಿಷಯ ತೆಗೆದು ಬೇರೆ ಬರೆಯೋಣ ಎಂದುಕೊಂಡೆ. ಬರೆಯಲಿಲ್ಲ. ಹದಿಮೂರಕ್ಕೆ ಲೆಕ್ಕ ಹಾಕಿದೆ, ನೀನು ಹೊರಡುವುದು ಹದಿನೆಂಟಕ್ಕೆ, ನಾಳೆ ಹಾಕಿದರೂ ಹದಿನಾರಕ್ಕೆ ಸಿಗುತ್ತದೆ ಎಂದು. ನಾನು ಕೋಣೆಯಲ್ಲಿ ಆಚೆಯಿಂದೀಚೆ ಓಡಾಡುವುದು ನೋಡಿ ಮಗಳು, "ಏನಪ್ಪಾ ಅರ್ಜೆಂಟು, ಯಾರಿಗಾದ್ರೂ ಟೆಲಿಗ್ರಾಂ ಕೊಡಬೇಕಾ?" ಎಂದು ಕೇಳಿದಳು. ಅವಳು ಕೆಲಸ ಮಾಡುವ ಕೌಂಟರಿನ ಪಕ್ಕದಲ್ಲೇ ತಂತಿ ಕಚೇರಿ. ಅರ್ಜೆಂಟ್ ಏನಿಲ್ಲ ಎಂದೆ. ಅಲ್ಲಿಯ ಗುಮಾಸ್ತ ನನ್ನನ್ನು ಬಲ್ಲವನು, ಕೊಟ್ಟದ್ದನ್ನು ಓದಿಯೇ ಕಳಿಸುತ್ತಾನೆ. ಬಂಡಿ ತೆಗೆಯಬೇಡ, ಬಿರುಕಿದೆ. ಮೂರೇ ಮಾತು. ಅವತ್ತೇ ನಿನಗೆ ತಲುಪುತ್ತಿತ್ತು.

ಹದಿನಾಲ್ಕಕ್ಕೆ ಡಬ್ಬಿಗೆ ಹಾಕಿದೆ. ಹಾಕಿದ ಮೇಲೆ ಮನಸ್ಸು ಹಗುರವಾಯಿತು, ಹೊಟ್ಟೆ ತುಂಬ ಊಟ ಮಾಡಿದೆ. ಅದನ್ನೂ ನೀನು ತಿಳಿದಿರಬೇಕು.

ನಿನ್ನದು ಏನೂ ತಪ್ಪಿಲ್ಲ ಎಂದು ನಾನು ಹೇಳಿದರೆ ಏನು ಬೆಲೆ. ಆದರೂ ಹೇಳುತ್ತೇನೆ. ನನ್ನ ಮಾತನ್ನು ನಂಬಿದ್ದು ಬಿಟ್ಟರೆ ನೀನು ಬೇರೇನೂ ಮಾಡಲಿಲ್ಲ. ಫೆಬ್ರವರಿಯ ಪತ್ರವನ್ನೂ ಇದನ್ನೂ ನಿನ್ನ ಅತ್ತೆಗೆ ಓದಿ ಹೇಳು. ವೆಲ್ಡರನ್ನೂ ಕೂರಿಸಿಕೋ. ಅವರು ನಂಬದಿದ್ದರೆ ನಾನು ಬಂದು ಎದುರಿಗೆ ನಿಂತು ಹೇಳುತ್ತೇನೆ. ಅವರು ಒಳಗೆ ಕರೆಯದಿದ್ದರೆ ಬೀದಿಯಲ್ಲಿ ನಿಂತು ಹೇಳುತ್ತೇನೆ.

ಈ ಪತ್ರದ ಮೇಲೂ ಮುದ್ರೆ ನೋಡು, ಇವತ್ತಿನದ್ದೇ ಇರುತ್ತದೆ. ಮಗಳಿಗೆ ಎಲ್ಲ ಹೇಳಿದ್ದೇನೆ. ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾಳೆ. ನಾನೇ ಹೋಗಿ ಹಾಕಿ ಬರುತ್ತೇನೆ ಎಂದೆ. ಬೇಡ, ನನ್ನ ಕೈಗೆ ಕೊಡು ಎಂದಳು.